ಎಂಟು ತಿಂಗಳು ಸುಳ್ಳು ಕಪ್ಪನ್ನು ಅಳೆದೆ

"ಮೂರೇ ಪ್ಯಾರಾಮೀಟರ್ ಇಟ್ಟುಕೊಂಡು ಕ್ಯಾನ್ಸರ್ ಗೆಡ್ಡೆ ಎಷ್ಟು ಬೆಳೆಯುತ್ತೆ ಅಂತ ಹೇಳ್ತೀರಾ?" ಎಂದು ಲ್ಯಾಬ್ ಮೀಟಿಂಗಿನಲ್ಲಿ ಎಲ್ಲರೂ ನಕ್ಕಿದ್ದರು. ಹೋದ ತಿಂಗಳು ಅವರಿಗೇ ಗ್ರಾಫ್ ತೋರಿಸಿದೆ. ಮೊದಲ 6 ದಿನದ ಅಳತೆ ಕೊಟ್ಟರೆ ಲ್ಯಾಬಿನಲ್ಲಿ ಬೆಳೆಸಿದ ಕ್ಯಾನ್ಸರ್ ಸೆಲ್‌ಗಳ ಉಂಡೆ 12ನೇ ದಿನ ಎಷ್ಟಾಗುತ್ತದೆ ಎಂದು ನನ್ನ ಮಾಡೆಲ್ ಹೇಳುತ್ತದೆ. ತಪ್ಪು ನೂರಕ್ಕೆ 6 ಅಥವಾ 7. ಯಾರೂ ನಗಲಿಲ್ಲ.

ಸೆಲ್ ಎಚ್‌ಸಿಟಿ116 (ದೊಡ್ಡ ಕರುಳಿನ ಕ್ಯಾನ್ಸರ್‌ನದು), ದುಂಡು ತಳದ 96 ವೆಲ್ (ಗುಳಿ) ಪ್ಲೇಟ್, ಒಂದು ವೆಲ್‌ಗೆ ಒಂದು ಸ್ಫೆರಾಯ್ಡ್, ಅಂದರೆ ಒಂದು ಉಂಡೆ. ಮಾಡೆಲ್ ಕೂಡ ಹಳೆಯದೇ, ಗೆಡ್ಡೆಯ ಬೆಳವಣಿಗೆಗೆ 1972ರಲ್ಲಿ ಗ್ರೀನ್‌ಸ್ಪ್ಯಾನ್ ಕೊಟ್ಟ ಗಣಿತದ ಮಾದರಿಯ ತಮ್ಮ ಅನ್ನಬಹುದು. ಆಕ್ಸಿಜನ್ ಸಿಗುವಲ್ಲಿ ಸೆಲ್ ಬೆಳೆಯುತ್ತದೆ, ಸಿಗದ ನಡುಭಾಗದಲ್ಲಿ ಸತ್ತು ನಿಧಾನವಾಗಿ ಕರಗುತ್ತದೆ. ಅಷ್ಟೇ.

ಕೆಟ್ಟಿದ್ದು ಚಿತ್ರದಲ್ಲಿ. ಹೊಯೆಕ್ಸ್ಟ್ (ಸೆಲ್‌ನ ಡಿಎನ್‌ಎ ಹೊಳೆಯುವಂತೆ ಮಾಡುವ ಬಣ್ಣ) ಹಾಕಿ, ಪದರ ಪದರವಾಗಿ ಚಿತ್ರ ತೆಗೆಯುವ ಕಾನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಉಂಡೆಯ ನಡುವೆ ಅಚ್ಚುಕಟ್ಟಾದ ಕಪ್ಪು ವೃತ್ತ ಕಾಣುತ್ತಿತ್ತು. ಸತ್ತ ಭಾಗ ಅಂದುಕೊಂಡು ಎಂಟು ತಿಂಗಳು ಅದನ್ನೇ ಅಳೆದೆ. ಮಾಡೆಲ್ ಚೆನ್ನಾಗಿಯೇ ಕೂರುತ್ತಿತ್ತು, ಅದೇ ನನ್ನನ್ನು ಕೆಡಿಸಿತು. ಆದರೆ ಬದುಕಿರುವ ಪದರ 70-80 ಮೈಕ್ರಾನ್ ಮಾತ್ರ ಅಂತ ಬರುತ್ತಿತ್ತು. 1955ರಲ್ಲೇ ಥಾಮ್ಲಿನ್‌ಸನ್ ಮತ್ತು ಗ್ರೇ ಶ್ವಾಸಕೋಶದ ಗೆಡ್ಡೆಗಳಲ್ಲಿ ಸೆಲ್‌ಗಳ ಸಾವು ಶುರುವಾಗುವುದು ರಕ್ತನಾಳದಿಂದ ಸುಮಾರು 160 ಮೈಕ್ರಾನ್ ದಾಟಿದ ಮೇಲೆ ಎಂದು ತೋರಿಸಿದ್ದರು. ನನ್ನ ಸೆಲ್‌ಗಳಿಗೆ ಮಾತ್ರ ಅಷ್ಟು ಹಸಿವಾ?

ಗುಂಪಿನಲ್ಲಿ ಎಲ್ಲರದೂ ಒಂದೇ ಸಲಹೆ: 3ಡಿ ಯು-ನೆಟ್ (ಚಿತ್ರದ ಭಾಗಗಳನ್ನು ತಾನೇ ಗುರುತಿಸಲು ಕಲಿಯುವ ಎಐ ಪ್ರೋಗ್ರಾಂ) ಹಾಕಿ. ಹಾಕಿದೆ. ವರ್ಷದ ದುಡ್ಡಿನಲ್ಲಿ ಮೂರನೇ ಒಂದು ಪಾಲು ಅದನ್ನು ಓಡಿಸುವ ಜಿಪಿಯು ಕಂಪ್ಯೂಟರ್ ಬಾಡಿಗೆಗೇ ಹೋಯಿತು. ಸ್ಕೋರ್ 1ಕ್ಕೆ 0.93 ಬಂತು, ಎಲ್ಲರಿಗೂ ಖುಷಿ. ಆಮೇಲೆ ನೋಡಿದರೆ ಒಂದೇ ಉಂಡೆಯ 3ನೇ ದಿನದ ಚಿತ್ರ ಟ್ರೈನಿಂಗಿನಲ್ಲಿ, 4ನೇ ದಿನದ್ದು ಟೆಸ್ಟಿನಲ್ಲಿ! ಕಲಿಸಿದ್ದನ್ನೇ ಪರೀಕ್ಷೆಯಲ್ಲಿ ಕೇಳಿದ ಹಾಗೆ. ಅದನ್ನು ಸರಿ ಮಾಡಿದರೂ ಸುಖ ಇರಲಿಲ್ಲ. ಲೇಬಲ್ ಹಾಕಿದ್ದು ನಾನೇ ಅಲ್ವಾ, ನಾನು ತೋರಿಸಿದ ಸುಳ್ಳು ಕಪ್ಪನ್ನೇ ಅದು ನೀಟಾಗಿ ಕಲಿತಿತ್ತು.

ಒಂದು ದಿನ ಬೇಸರಕ್ಕೆ 4ನೇ ದಿನದ ಉಂಡೆಯನ್ನು ಹೆಪ್ಪುಗಟ್ಟಿಸಿ, ಕ್ರಯೋಸ್ಟಾಟ್‌ನಲ್ಲಿ (ಹೆಪ್ಪುಗಟ್ಟಿದ್ದನ್ನು ತೆಳುವಾಗಿ ಕೊಯ್ಯುವ ಯಂತ್ರ) 10 ಮೈಕ್ರಾನ್ ಹೋಳು ಮಾಡಿ ಬಣ್ಣ ಹಾಕಿದೆ. ನಡುಭಾಗದ ತುಂಬ ಬದುಕಿರುವ ಸೆಲ್! ಬೆಳಕು ಚದುರಿ ಒಳಗೆ ಹೋಗಿರಲಿಲ್ಲ, ಬಣ್ಣವೂ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಕಪ್ಪು ಇದ್ದದ್ದು ಮೈಕ್ರೋಸ್ಕೋಪಿನ ಮಿತಿಯಲ್ಲಿ. ಅವತ್ತೇ ಇನ್ನೊಂದೂ ಸಿಕ್ಕಿತು. ಡ್ರೈ ಆಬ್ಜೆಕ್ಟಿವ್‌ನಲ್ಲಿ (ಗಾಳಿಯಲ್ಲಿ ಬಳಸುವ ಲೆನ್ಸ್) ನೀರಿನೊಳಗೆ ನೋಡುತ್ತಿದ್ದರಿಂದ ಆಳದ ಅಳತೆಯನ್ನು ಸುಮಾರು 1.33ರಿಂದ ಗುಣಿಸಬೇಕಿತ್ತು. ನನ್ನ ಉಂಡೆಗಳೆಲ್ಲ ಚಪ್ಪಟೆ ಅಂತ ಸೆಲ್‌ಗಳನ್ನು ಬೈದಿದ್ದೆ ಪಾಪ.

ಟಿಶ್ಯೂ ಕ್ಲಿಯರಿಂಗ್ (ಬೆಳಕು ಹಾಯುವಂತೆ ರಾಸಾಯನಿಕದಲ್ಲಿ ನೆನೆಸುವುದು) ಕೂಡ ನೋಡಿದೆ. ಉಂಡೆ ಗಾಜಿನಂತೆ ಪಾರದರ್ಶಕವಾಯಿತು, ಜೊತೆಗೆ ಕುಗ್ಗಿತು. ಅದೂ ಒಂದೊಂದು ಒಂದೊಂದು ತರ. ಅಳತೆಗೇ ಬಂದ ನನಗೆ ಅದು ಯಾಕೆ? ಬಿಟ್ಟೆ.

ಕೊನೆಗೆ ಉಳಿದ ದಾರಿ ಅಗ್ಗದ್ದು. ದಿನಾ ಬ್ರೈಟ್‌ಫೀಲ್ಡ್ (ಬಣ್ಣವಿಲ್ಲದೆ, ಮಾಮೂಲಿ ಬೆಳಕಿನ) ಚಿತ್ರ, ಅದರಿಂದ ಹೊರಗಿನ ರೇಡಿಯಸ್ ಮಾತ್ರ. 2, 4 ಮತ್ತು 6ನೇ ದಿನ ಐದಾರು ಉಂಡೆಗಳನ್ನು ಬಲಿಕೊಟ್ಟು ಹೋಳು ಮಾಡಿ, ಬದುಕಿರುವ ಪದರದ ದಪ್ಪ ಅಳೆಯುವುದು. ಈ ಹೋಳುಗಳು ಬೇಕೇ ಬೇಕು. ರೇಡಿಯಸ್ ಒಂದನ್ನೇ ಕೊಟ್ಟರೆ ಆಕ್ಸಿಜನ್ ಬಳಕೆಗೂ ಸತ್ತ ಸೆಲ್ ಕರಗುವ ವೇಗಕ್ಕೂ ಯಾವ ಜೋಡಿ ಸಂಖ್ಯೆ ಇಟ್ಟರೂ ಗೆರೆ ಕೂರುತ್ತದೆ. ದಪ್ಪ ಕೊಟ್ಟ ಕೂಡಲೇ ಎರಡೂ ಬೇರೆಯಾದವು. ಪದರ ಈಗ 170 ಮೈಕ್ರಾನ್ ಹತ್ತಿರ ನಿಂತಿದೆ. ಅಷ್ಟು ಸಣ್ಣ ಉಂಡೆಯ ಸರಿಯಾದ ನಡು ಹೋಳನ್ನು ಹೇಗೆ ಹಿಡಿಯುತ್ತೇನೆ ಅನ್ನುವುದು ಪೇಪರ್ ಬರುವವರೆಗೆ ನನ್ನಲ್ಲೇ ಇರಲಿ.

ಪ್ಲೇಟಿನ ಅಂಚಿನ ಸಾಲುಗಳಲ್ಲಿ ಬರೀ ಪಿಬಿಎಸ್ (ಉಪ್ಪಿನ ದ್ರಾವಣ) ತುಂಬಿಸಿ. ನೀರು ಆರಿ ಅಲ್ಲಿನ ಉಂಡೆಗಳು ಬೇರೆಯೇ ಕಥೆ ಹೇಳುತ್ತವೆ. ಮೈಕೋಪ್ಲಾಸ್ಮಾ (ಸೆಲ್‌ಗಳಿಗೆ ಗೊತ್ತಾಗದಂತೆ ಸೇರಿಕೊಳ್ಳುವ ಬ್ಯಾಕ್ಟೀರಿಯಾ) ಟೆಸ್ಟ್ ತಪ್ಪಿಸಿ ನಾನು ಆರು ವಾರ ಕಳೆದುಕೊಂಡದ್ದನ್ನು ಬಿಡಿಸಿ ಹೇಳುವುದು ಬೇಡ.

ಸುಮ್ನೆ ಕುತೂಹಲಕ್ಕೆ ಒಂದು ಪ್ಲೇಟನ್ನು 5 ಶೇಕಡಾ ಆಕ್ಸಿಜನ್‌ನಲ್ಲಿ ಬೆಳೆಸಿದೆ. ಪದರ ಸುಮಾರು ಅರ್ಧಕ್ಕೆ ಇಳಿಯಬೇಕು ಎಂದಿತು ಮಾಡೆಲ್. ಹೋಳಿನಲ್ಲಿ ಬಂದದ್ದು ಮೊದಲಿದ್ದ ದಪ್ಪದ ನೂರಕ್ಕೆ 60ರಷ್ಟು. ಕೊರತೆ ಇದ್ದಾಗ ಸೆಲ್‌ಗಳು ಬಳಕೆಯನ್ನೂ ಕಡಿಮೆ ಮಾಡಿಕೊಳ್ಳುತ್ತವೆ ಅಂತ ನನ್ನ ಗುಮಾನಿ. ಐಪೀಸಿಗೆ ಫೋನ್ ಹಿಡಿದು ತೆಗೆದ ಚಿತ್ರದಿಂದಲೂ ರೇಡಿಯಸ್ ಪರವಾಗಿಲ್ಲ ಅನ್ನುವಷ್ಟು ಸರಿ ಬರುತ್ತದೆ, ಸ್ಕೇಲ್ ಸ್ಲೈಡ್ ಜೊತೆಗಿದ್ದರೆ.

ಈಗ ಔಷಧ ಹಾಕಿದ ಪ್ಲೇಟ್‌ಗಳು ನಡೆಯುತ್ತಿವೆ. ಅಲ್ಲಿ ಮಾಡೆಲ್ ಎಡವುತ್ತಿದೆ. 48 ಗಂಟೆಯಾದ ಮೇಲೆ ಉಂಡೆಯ ಅಂಚು ಪುಡಿಪುಡಿಯಾಗಿ ಉದುರುತ್ತದೆ, ರೇಡಿಯಸ್ ಎಲ್ಲಿಗೆ ಮುಗಿಯಿತು ಎಂದು ನಾನೂ ನನ್ನ ಸಹೋದ್ಯೋಗಿಯೂ ದಿನಾ ಜಗಳವಾಡುತ್ತಿದ್ದೇವೆ.