ಬೆನ್ನು ಮುರಿಯದೆ ಹಳೇ ಪುಸ್ತಕ ಸ್ಕ್ಯಾನ್ ಮಾಡಿದ್ದು: ನನ್ನ ಅನುಭವ

"ದೊಡ್ಡ ಮಷೀನಿಲ್ಲದೆ ಆಗೋ ಕೆಲಸ ಅಲ್ಲ ಮಾರಾಯ, ಸುಮ್ನೆ ಪುಸ್ತಕ ಹಾಳು ಮಾಡ್ತೀಯ" ಅಂದಿದ್ದರು ಭಾವ. ಮೂವತ್ತು ವರ್ಷ ಪ್ರೆಸ್ ನಡೆಸಿದವರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ನಾಲ್ಕು ಸಾವಿರ ಕೊಟ್ಟು ತಂದ ಫ್ಲ್ಯಾಟ್‌ಬೆಡ್ ಸ್ಕ್ಯಾನರಿನ ಮೇಲೆ ಪುಸ್ತಕ ಬೋರಲು ಹಾಕಿ ಒತ್ತಿ ಒತ್ತಿ ಎಂಟು ಪುಸ್ತಕದ ಬೆನ್ನು ಮುರಿದೆ. ಅದರಲ್ಲೊಂದು ಅಜ್ಜನ ಸಹಿ ಇದ್ದದ್ದು. ಆಮೇಲೆ ಮೇಲಿಂದ ಫೋಟೊ ಹೊಡೆಯುವ ಯಂತ್ರಕ್ಕೆ ಹನ್ನೆರಡೋ ಹದಿಮೂರೋ ಸಾವಿರ ಸುರಿದೆ. ಅದರ ತಂತ್ರಾಂಶ ಪುಟ ನೆಟ್ಟಗೆ ಮಾಡುವ ನೆಪದಲ್ಲಿ ಕೆಳಸಾಲಿನ ಒತ್ತಕ್ಷರಗಳನ್ನೇ ಕತ್ತರಿಸುತ್ತಿತ್ತು. ಅರ್ಧ ಬೆಲೆಗೆ ಮಾರಿದೆ.

ಕೊನೆಗೆ ಕೈಹಿಡಿದದ್ದು ನಮ್ಮೂರ ಬಡಗಿ ಮಾಡಿಕೊಟ್ಟ ವಿ ಆಕಾರದ ಮರದ ಸ್ಟ್ಯಾಂಡು. ಕೂಲಿ ಸೇರಿ ಸಾವಿರದ ಚಿಲ್ಲರೆ. ಪುಟ ಒತ್ತಿ ಹಿಡಿಯಲು ಒಂದು ತುಂಡು ಗಾಜು, ಎರಡು ಎಲ್‌ಇಡಿ ಬಲ್ಬು, ಫೋನ್ ಮುಟ್ಟದೆ ಫೋಟೊ ಹೊಡೆಯೋ ನೂರೈವತ್ತರ ಬ್ಲೂಟೂತ್ ಗುಂಡಿ, ಇದ್ದ ಫೋನು. ಮೊದಲು ಬಲಪುಟಗಳೆಲ್ಲ, ಪುಸ್ತಕ ತಿರುಗಿಸಿ ಎಡಪುಟಗಳೆಲ್ಲ. ಗಂಟೆಗೆ ನಾನ್ನೂರು ಪುಟ ಸಲೀಸು. ನಡುವೆ ಒಂದು ಹಾಳೆ ತಪ್ಪಿದರೆ ಮುಗಿಯಿತು, ಜೋಡಿಸುವಾಗ ಮುಂದಿನದೆಲ್ಲ ಅದಲುಬದಲು. ಐವತ್ತಕ್ಕೊಮ್ಮೆ ಪುಟಸಂಖ್ಯೆ ನೋಡಲೇಬೇಕು. ಇನ್ನೊಂದು ಎಡವಟ್ಟು: ಬಿಳಿ ಬನಿಯನ್ನಿನಲ್ಲಿ ಕೂತು ಹೊಡೆದ ನೂರಾ ನಲವತ್ತು ಪುಟಗಳಲ್ಲಿ ಗಾಜಿನ ಮೇಲೆ ನನ್ನ ಹೊಟ್ಟೆಯೇ ಮೂಡಿತ್ತು! ಈಗ ಕಪ್ಪು ಅಂಗಿ.

ಹಳೇ ತೆಳು ಕಾಗದದಲ್ಲಿ ಹಿಂಬದಿಯ ಅಚ್ಚು ಇಣುಕುತ್ತದಲ್ಲ, ಅದಕ್ಕೆ ಹಾಳೆಯ ಕೆಳಗೆ ಕಪ್ಪು ಕಾಗದ ಇಟ್ಟು ನೋಡಿದೆ. ಚೆನ್ನಾಗಿ ಅಡಗಿತು, ಆದರೆ ವೇಗ ಅರ್ಧಕ್ಕಿಳಿಯಿತು. ತೀರಾ ಕೆಟ್ಟ ಪುಸ್ತಕಕ್ಕೆ ಮಾತ್ರ ಸಾಕು. ಬಲ್ಬು ಯಾವ ಕೋನದಲ್ಲಿ, ಎಷ್ಟು ದೂರ ಅಂತ ಎಲ್ಲರೂ ಕೇಳುತ್ತಾರೆ. ಆರು ತಿಂಗಳು ತಲೆ ಕೆಡಿಸಿಕೊಂಡು ಕಂಡುಕೊಂಡಿದ್ದು, ಅದೊಂದು ನನಗೇ ಇರಲಿ.

ಫೋಟೊದ ಅಂಚು ಕತ್ತರಿಸಿ ಪುಟ ನೆಟ್ಟಗೆ ಮಾಡುವ ಸ್ಕ್ಯಾನ್ ಟೇಲರ್ ತಂತ್ರಾಂಶ ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವುದೇ. ನನ್ನ ಜೀವ ತಿಂದದ್ದು ಟೆಸೆರಾಕ್ಟು, ಅಂದರೆ ಫೋಟೊದಲ್ಲಿರುವ ಅಕ್ಷರಗಳನ್ನು ಓದಿ ಹುಡುಕಬಲ್ಲ ಪಠ್ಯ ಮಾಡಿಕೊಡುವ ತಂತ್ರಾಂಶ. 'ಧರ್ಮ' ಇದ್ದಲ್ಲಿ 'ಧಮ೯' ಬರುತ್ತದೆ, ಅರ್ಕಾವತ್ತು ಹೋಗಿ ಒಂಬತ್ತು. ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ (೦) ಕೂತರಂತೂ ಕಣ್ಣಿಗೆ ಗೊತ್ತೇ ಆಗುವುದಿಲ್ಲ. 'ಬೆಂಗಳೂರು' ಅಂತ ಹುಡುಕಿದರೆ ಎದುರಿಗಿದ್ದೂ ಸಿಗುವುದಿಲ್ಲ. ಅಕ್ಷರಗಳ ನಡುವೆ ಸಿಕ್ಕ ಸೊನ್ನೆಯನ್ನೆಲ್ಲ ಅನುಸ್ವಾರಕ್ಕೆ ಬದಲಿಸುವ ನಾಲ್ಕು ಸಾಲಿನ ಸ್ಕ್ರಿಪ್ಟನ್ನು ಮಗಳು ಬರೆದುಕೊಟ್ಟಳು. ಒಂದು ಪುಸ್ತಕದಲ್ಲೇ ಆರುನೂರು ಚಿಲ್ಲರೆ ಸಿಕ್ಕವು.

ಇಲ್ಲಿಯತನಕ ತೊಂಬತ್ತರ ಮೇಲೆ ಮುಗಿದಿವೆ. ಹಕ್ಕುಸ್ವಾಮ್ಯ (ಕಾಪಿರೈಟ್) ಮುಗಿಯಲಿ ಅಂತ ಲೇಖಕರು ತೀರಿ 60 ವರ್ಷ ತುಂಬಿದ ಮರುಜನವರಿ 1ರ ತನಕ ಕಾದೇ, ಯಾರು ಬೇಕಾದರೂ ಓದಬಹುದಾದ ಆನ್‌ಲೈನ್ ಗ್ರಂಥಾಲಯ ಇಂಟರ್ನೆಟ್ ಆರ್ಕೈವಿಗೆ ಏರಿಸುತ್ತೇನೆ. ಉಳಿದವು ಮನೆಯ ಹಾರ್ಡ್ ಡಿಸ್ಕಿನಲ್ಲಿ.

ಮೊನ್ನೆ ಭಾವ ಬಂದು ಗೆದ್ದಲು ಹತ್ತಿದ ಎರಡು ಮೂಟೆ ಪುಸ್ತಕ ಜಗಲಿಯಲ್ಲಿಟ್ಟು, "ಮಳೆಗಾಲದೊಳಗೆ ಆಗುತ್ತೇನೋ?" ಅಂದರು. ಸ್ಟ್ಯಾಂಡನ್ನು ಎರಡು ಸಲ ಸುತ್ತಿ ನೋಡಿದರು, ಏನೂ ಹೇಳಲಿಲ್ಲ.