ಬೇಸಿಗೆಯಲ್ಲಿ ತತ್ತಿಯ ಚಿಪ್ಪು ತೆಳುವಾದಾಗ

ಏಪ್ರಿಲ್ ಬಂತೆಂದರೆ ಕೊಪ್ಪಳದ ಕಡೆ ಮೊಟ್ಟೆಕೋಳಿ ಸಾಕುವವರಿಗೆ ಒಡೆದ ತತ್ತಿಗಳದೇ ಚಿಂತೆ. "ಸುಣ್ಣ ಕಮ್ಮಿ ಆಗೈತ್ರಿ ಸಾವ್ಕಾರ್ರ, ಇನ್ನಷ್ಟು ಸುಣ್ಣಕಲ್ಲಿನ ಪುಡಿ ಕೂಡಿಸೂಣು" ಅಂದರು ನಮ್ಮ ಶೆಡ್ಡಿನ ಹಿರಿಯರು. ಮೇವಿನಲ್ಲಿ ಆಗಲೇ ಶೇ. 4ರಷ್ಟು ಕ್ಯಾಲ್ಸಿಯಂ ಇತ್ತು, ಅಷ್ಟು ಸಾಕಾಗಬೇಕಿತ್ತು. ಚಿಪ್ಪನ್ನೇ ಬಿಡಿಸಿ ನೋಡಬೇಕು ಅನಿಸಿತು.

ಗಟ್ಟಿಯದೊಂದು, ತೆಳ್ಳನೆಯದೊಂದು ಚಿಪ್ಪನ್ನು ತೊಳೆದು ವಿನೆಗರ್‌ನಲ್ಲಿ ಮುಳುಗಿಸಿದೆ. ತಕ್ಷಣ ಗುಳ್ಳೆ ಎದ್ದವು. ಚಿಪ್ಪಿನ ಸುಮಾರು ಶೇ. 95 ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಾಗಿದರೆ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಮರುದಿನ ಸುಣ್ಣವೆಲ್ಲ ಕರಗಿ ಪೊರೆ ಮಾತ್ರ ಉಳಿದಿತ್ತು. ಪೊರೆ ಒಂದಲ್ಲ, ಎರಡು. ತತ್ತಿಯ ಅಗಲ ತುದಿಯಲ್ಲಿ ಅವೆರಡರ ನಡುವೆಯೇ ಗಾಳಿ ನಿಲ್ಲುವುದು. ಅಲ್ಲಿ ಉಗುರು ತಾಗಿಸಿದರೆ ಬೇರೆ ಬೇರೆಯಾಗಿ ಬರುತ್ತವೆ. ಒಣಗಿಸಿ ಬೆಂಕಿಗೆ ಹಿಡಿದೆ, ಕೂದಲು ಸುಟ್ಟ ವಾಸನೆ. ಗಂಧಕ ಹೆಚ್ಚಿರುವ ಪ್ರೋಟೀನಿನ ಎಳೆಗಳು ಅವು, ಕೊಲಾಜೆನ್ನೂ ಇದೆ. ಎರಡೂ ತತ್ತಿಗಳ ಪೊರೆ ಕೈಗೆ ಒಂದೇ ತರಹ ಬಿಗಿಯಾಗಿದ್ದವು. ಕೊರತೆ ಇದ್ದದ್ದು ಸುಣ್ಣದ ಪದರದಲ್ಲೇ.

ಕೋಳಿಯ ಹೊಟ್ಟೆಯಲ್ಲಿ ಪೊರೆ ಸುಮಾರು ಒಂದೂಕಾಲು ಗಂಟೆಯಲ್ಲಿ ಸಿದ್ಧವಾಗುತ್ತದೆ. ಸುಣ್ಣ ಕಟ್ಟಲು ಬೇಕಾಗುವುದು ಹೆಚ್ಚುಕಡಿಮೆ 20 ಗಂಟೆ, ಅದರಲ್ಲಿ ಬಹುಪಾಲು ರಾತ್ರಿಯೇ. ಕ್ಯಾಲ್ಸಿಯಂ ಮೇವಿನಿಂದ, ಎಲುಬಿನಿಂದ ಬರುತ್ತದೆ. ಕಾರ್ಬೊನೇಟ್ ಬರಬೇಕಾದದ್ದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನಿಂದ ಆಗುವ ಬೈಕಾರ್ಬೊನೇಟಿನಿಂದ. ಬಿಸಿಲಿಗೆ ಕೋಳಿ ಬಾಯಿ ತೆರೆದು ತೇಕುತ್ತದೆ, ಇಂಗಾಲದ ಡೈಆಕ್ಸೈಡ್ ಉಸಿರಲ್ಲೇ ಹೋಗಿಬಿಡುತ್ತದೆ, ರಕ್ತದಲ್ಲಿ ಬೈಕಾರ್ಬೊನೇಟ್ ಇಳಿಯುತ್ತದೆ. ಮೇವನ್ನೂ ಸರಿಯಾಗಿ ತಿನ್ನುವುದಿಲ್ಲ. ಇಂಥ ಹೊತ್ತಲ್ಲಿ ಕಲ್ಲುಪುಡಿಯೊಂದನ್ನೇ ಸುರಿದು ಏನು ಪ್ರಯೋಜನ?

ಆದ್ದರಿಂದ ಪುಡಿಯ ಒಂದು ಪಾಲನ್ನು ತೆಗೆದು, ಅಷ್ಟೇ ತೂಕದ ಜೋಳದ ಕಾಳಿನ ಗಾತ್ರದ ಸುಣ್ಣಕಲ್ಲಿನ ಚೂರನ್ನು ಸಂಜೆ ಹಾಕತೊಡಗಿದೆ. ದಪ್ಪ ಚೂರು ಕೋಳಿಯ ಕಲ್ಲುಹೊಟ್ಟೆಯಲ್ಲಿ (ಕಾಳು ಅರೆಯುವ ಹೊಟ್ಟೆ) ನಿಂತು ರಾತ್ರಿಯಿಡೀ ನಿಧಾನ ಕರಗುತ್ತದೆ. ಪಶುವೈದ್ಯರು ಹೇಳಿದ ಅಳತೆಯಲ್ಲಿ ಕುಡಿಯುವ ನೀರಿಗೆ ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್, ಬೆರೆಸಿದೆ. ಸೋಡಾದಲ್ಲೂ ಸೋಡಿಯಂ ಇರುವುದರಿಂದ ಮೇವಿನ ಉಪ್ಪನ್ನು ಇಳಿಸಿದೆ. ಎಲ್ಲಕ್ಕಿಂತ ಮುಖ್ಯ ನೆರಳು. ಶೆಡ್ಡಿನ ಪಕ್ಕಕ್ಕೆ ಒದ್ದೆ ಗೋಣಿತಟ್ಟು ಕಟ್ಟಿಸಿ, ಮೇವನ್ನು ನಸುಕಿಗೇ ಹಾಕಿಸಿದೆ. ತೇಕುವುದು ಕಡಿಮೆಯಾಗದೆ ಮಿಕ್ಕದ್ದೆಲ್ಲ ಅರ್ಧ ಕೆಲಸ.

ಒಡೆಯುವುದು ಬಹಳ ಕಡಿಮೆಯಾಯಿತು, ಕಡು ಬಿಸಿಲಿನ ದಿನಗಳಲ್ಲಿ ಪೂರ್ತಿ ನಿಲ್ಲಲಿಲ್ಲ. ಈಗ ಆಗಾಗ ಕೆಲವು ಚಿಪ್ಪುಗಳನ್ನು ಒಣಗಿಸಿ ತೂಗುತ್ತೇನೆ. 60 ಗ್ರಾಂ ತತ್ತಿಗೆ ಚಿಪ್ಪು ಐದೂವರೆ ಗ್ರಾಂ ಆಸುಪಾಸು ಇರಬೇಕು. ಐದಕ್ಕಿಂತ ಕೆಳಗೆ ಬಂದರೆ ಮೊದಲು ನೋಡುವುದು ಮಧ್ಯಾಹ್ನದ ಶೆಡ್ಡನ್ನು, ಆಮೇಲೆ ಮೇವಿನ ಚೀಲವನ್ನು.