ವರ್ಷಾರಂಭದ ಏಕದಿನ ಸೈಕಲ್ ರೇಸುಗಳನ್ನು ನೋಡುವ ಬಗೆ

ಫೆಬ್ರವರಿಯ ಕೊನೆಯ ಅಥವಾ ಮಾರ್ಚ್‌ನ ಮೊದಲ ಶನಿವಾರ ಬೆಲ್ಜಿಯಂನ ಗೆಂಟ್ ನಗರದಿಂದ ಓಮ್ಲೂಪ್ ನ್ಯೂಸ್‌ಬ್ಲಾಡ್ ಎಂಬ ರೇಸ್ ಹೊರಡುತ್ತದೆ. ಬೆಲ್ಜಿಯಂನ ರಸ್ತೆ ಸೈಕ್ಲಿಂಗ್ ಋತು ಶುರುವಾಗುವುದೇ ಅಲ್ಲಿಂದ. 1945ರಲ್ಲಿ ಆರಂಭವಾದ ಈ ರೇಸಿನ ಮರುದಿನ ಕ್ಯೂರ್ನೆ–ಬ್ರಸೆಲ್ಸ್–ಕ್ಯೂರ್ನೆ ನಡೆಯುತ್ತದೆ. ಮಾರ್ಚ್‌ನಲ್ಲಿ ಇಟಲಿಯ ಸ್ಟ್ರಾಡೆ ಬಿಯಾಂಕೆ ಮತ್ತು ಮಿಲಾನ್–ಸಾನ್ ರೆಮೊ ಬರುತ್ತವೆ. ಹೊಸದಾಗಿ ನೋಡುವವರಿಗೆ ಇವು ಐದಾರು ಗಂಟೆ ಒಂದೇ ರೀತಿ ಸಾಗುವ ಗುಂಪಿನ ಸವಾರಿಯಂತೆ ಕಾಣುತ್ತವೆ, ಕೊನೆಗೆ ಯಾರೋ ಒಬ್ಬರು ಕೈಯೆತ್ತುತ್ತಾರೆ. ಗೆದ್ದವರು ಏಕೆ ಗೆದ್ದರೆಂದು ತಿಳಿಯಬೇಕಾದರೆ ಮುಂದೆ ತುಳಿಯುತ್ತಿರುವವರಿಗಿಂತ ಹೆಚ್ಚಾಗಿ, ತುಳಿಯಲು ಒಪ್ಪದೆ ಹಿಂದೆ ಕುಳಿತವರನ್ನು ನೋಡಲು ಕಲಿಯಬೇಕು.

ಕಾರಣ ಗಾಳಿ. ಒಬ್ಬರ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಸಾಗುವವರಿಗೆ ಶ್ರಮದಲ್ಲಿ ಸುಮಾರು ಮೂರನೇ ಒಂದು ಭಾಗ ಉಳಿಯುತ್ತದೆ. ಆದ್ದರಿಂದ ಮುಂದೆ ನಿಂತು ಗಾಳಿ ಸೀಳುವುದು ಇತರರಿಗೆ ಕೊಡುವ ಉಡುಗೊರೆ. ಆ ಉಡುಗೊರೆಯನ್ನು ಯಾರು, ಯಾರಿಗೆ, ಯಾವಾಗ ಕೊಡಬೇಕೆಂಬ ಲೆಕ್ಕಾಚಾರವೇ ತಂಡದ ತಂತ್ರ. ಏಳು ಮಂದಿಯ ತಂಡದಲ್ಲಿ ಗೆಲ್ಲಲೆಂದು ಬಂದವರು ಒಬ್ಬಿಬ್ಬರು ಮಾತ್ರ. ಉಳಿದವರು ಅವರ ಶಕ್ತಿಯನ್ನು ಕಾಪಾಡಲು ತಮ್ಮ ಶಕ್ತಿಯನ್ನು ಕರಗಿಸುತ್ತಾರೆ. ಟೂರ್ ಡಿ ಫ್ರಾನ್ಸ್‌ನಂಥ ಮೂರು ವಾರಗಳ ರೇಸಿನಂತೆ ಇಲ್ಲಿ ಕಳೆದುಕೊಂಡದ್ದನ್ನು ಮರಳಿ ಪಡೆಯಲು ನಾಳೆ ಎಂಬುದಿಲ್ಲವಾದ್ದರಿಂದ ಯಾರೂ ಏನನ್ನೂ ಉಳಿಸಿಟ್ಟುಕೊಳ್ಳುವುದಿಲ್ಲ.

ಆರಂಭದ ಎರಡು ಗಂಟೆಗಳನ್ನು ಅರ್ಧ ಗಮನದಿಂದ ನೋಡಿದರೂ ನಡೆಯುತ್ತದೆ. ಸಣ್ಣ ತಂಡಗಳ ಕೆಲವರು ಮುಂದೆ ಹೋಗುತ್ತಾರೆ, ಪೆಲೊಟಾನ್, ಅಂದರೆ ಉಳಿದ ಸವಾರರ ದೊಡ್ಡ ಗುಂಪು, ಅವರನ್ನು ಹೋಗಲು ಬಿಡುತ್ತದೆ. ಆಗ ಗಮನಿಸಬೇಕಾದದ್ದು ಇಷ್ಟೇ: ಪೆಲೊಟಾನಿನ ಮುಂಭಾಗದಲ್ಲಿ ಯಾವ ಜೆರ್ಸಿಯವರು ದುಡಿಯುತ್ತಿದ್ದಾರೆ? ದುಡಿಯುವ ತಂಡಕ್ಕೆ ತನ್ನ ನಾಯಕನ ಮೇಲೆ ಭರವಸೆಯಿದೆ ಎಂದರ್ಥ. ಜೊತೆಗೆ, ಸಂಜೆಯ ಹೊತ್ತಿಗೆ ಆ ನಾಯಕನ ಬಳಿ ಸಹಾಯಕರು ಕಡಿಮೆಯಿರುತ್ತಾರೆ ಎಂದೂ ಅರ್ಥ. ಅಡ್ಡಗಾಳಿ ಬೀಸಿದರೆ ಮಾತ್ರ ಆಟ ಬೇಗ ಶುರುವಾಗುತ್ತದೆ. ಸವಾರರು ರಸ್ತೆಯ ಅಗಲಕ್ಕೆ ಓರೆಯಾಗಿ ಸಾಲುಗಟ್ಟುತ್ತಾರೆ, ಸಾಲಿನಲ್ಲಿ ಜಾಗ ಸಿಗದವರು ರಸ್ತೆಯಂಚಿನಲ್ಲಿ ಆಸರೆಯಿಲ್ಲದೆ ಒಬ್ಬೊಬ್ಬರಾಗಿ ಕಳಚಿಹೋಗುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯ ಬಯಲು ರಸ್ತೆಗಳಲ್ಲಿ ರೇಸಿಂಗ್ ಸೈಕಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಓಮ್ಲೂಪ್‌ನಲ್ಲಿ ಪೂರ್ತಿ ಗಮನ ಕೊಡಬೇಕಾದದ್ದು ಗೆರಾರ್ಡ್ಸ್‌ಬರ್ಗನ್ ಊರಿನ ಮ್ಯೂರ್ ಏರು ಹತ್ತಿರ ಬಂದಾಗ. ಸುಮಾರು ಒಂದು ಕಿಲೋಮೀಟರ್ ಉದ್ದದ, ಕಲ್ಲು ಹಾಸಿದ ಈ ಏರಿನ ಅತಿ ಕಡಿದಾದ ಜಾಗದಲ್ಲಿ ಏರಿಕೆ ಶೇ. 20ರ ಆಸುಪಾಸಿನಲ್ಲಿದೆ, ತುದಿಯಲ್ಲಿ ಒಂದು ಪುಟ್ಟ ಪ್ರಾರ್ಥನಾ ಮಂದಿರವಿದೆ. ರಸ್ತೆ ಕಿರಿದು. ಮುಂದಿನ ಹತ್ತು ಮಂದಿ ತಮ್ಮ ಲಯದಲ್ಲಿ ಹತ್ತುತ್ತಿರುವಾಗ ಐವತ್ತನೆಯವರು ಮುಂದಿನವರ ಚಕ್ರ ತಡೆದು ನಿಂತದ್ದರಿಂದ ಕಾಲು ನೆಲಕ್ಕೂರಬೇಕಾಗಬಹುದು. ಆದ್ದರಿಂದ ಏರಿನ ಮೇಲಿನ ಜಗಳಕ್ಕಿಂತ ಏರು ಶುರುವಾಗುವ ಮುಂಚಿನ ಎರಡು ಕಿಲೋಮೀಟರ್‌ಗಳ ಜಗಳ ದೊಡ್ಡದು. ಅಲ್ಲಿ ಒಂದು ತಂಡದ ನಾಲ್ವರು ಸಾಲಾಗಿ ಬಂದು, ಮೊದಲನೆಯವರು ಉಸಿರು ಮುಗಿಯುವವರೆಗೆ ತುಳಿದು ಪಕ್ಕಕ್ಕೆ ಸರಿದು, ಎರಡನೆಯವರು ಮುಂದುವರಿಸಿ, ಕೊನೆಗೆ ನಾಯಕರು ಮೂರನೆಯ ಸ್ಥಾನದಲ್ಲಿ ಕಲ್ಲಿನ ಮೇಲೆ ಚಕ್ರ ಇಡುವುದನ್ನು ನೋಡಬೇಕು. ಪಕ್ಕಕ್ಕೆ ಸರಿದ ಸವಾರರ ಭುಜಗಳು ಹೇಗೆ ಕುಸಿಯುತ್ತವೆ, ತುಳಿತ ಹೇಗೆ ಒಮ್ಮೆಲೇ ಭಾರವಾಗುತ್ತದೆ ಎಂಬುದನ್ನೂ ಗಮನಿಸಿ. ಫಲಿತಾಂಶದ ಪಟ್ಟಿಯಲ್ಲಿ ಅವರು ತೊಂಬತ್ತನೆಯ ಸ್ಥಾನದಲ್ಲಿರಬಹುದು, ಆದರೆ ನನ್ನ ದೃಷ್ಟಿಯಲ್ಲಿ ಆ ದಿನದ ಅತ್ಯುತ್ತಮ ಪ್ರದರ್ಶನಗಳಲ್ಲಿ ಅದೂ ಒಂದು.

ಮ್ಯೂರ್, ಅದರ ಬೆನ್ನಿಗೇ ಬರುವ ಬೋಸ್‌ಬರ್ಗ್ ಏರು ದಾಟಿದ ಮೇಲೆ ರೇಸ್ ಮುಗಿಯುವ ನಿನೋವೆ ಊರಿನ ಗೆರೆಯವರೆಗೆ ಹನ್ನೆರಡು ಕಿಲೋಮೀಟರ್‌ಗೂ ಹೆಚ್ಚು ದಾರಿಯಿದೆ. ಈಗ ಒಂದು ಕಾಗದ ತೆಗೆದುಕೊಂಡು, ಮುಂದಿನ ಗುಂಪಿನಲ್ಲಿ ಯಾವ ತಂಡದವರು ಎಷ್ಟು ಮಂದಿ, ಹಿಂದಿನ ಗುಂಪಿನಲ್ಲಿ ಎಷ್ಟು ಮಂದಿ ಎಂದು ಬರೆದುಕೊಳ್ಳಿ. 2024ರಲ್ಲಿ ಕೊನೆಯ ಕಿಲೋಮೀಟರ್‌ಗಳಲ್ಲಿ ವಿಸ್ಮಾ ತಂಡದ ಯಾನ್ ಟ್ರಾಟ್ನಿಕ್ ಅವರು ನಿಲ್ಸ್ ಪೊಲಿಟ್ ಅವರೊಂದಿಗೆ ಕಳಚಿಕೊಂಡು ಮುಂದೆ ಹೋದಾಗ, ಅದೇ ತಂಡದ ವೌಟ್ ವಾನ್ ಆರ್ಟ್ ಹಿಂದಿನ ಗುಂಪಿನಲ್ಲಿದ್ದರು. ಅಷ್ಟರಿಂದಲೇ ರೇಸಿನ ಬಾಗಿಲು ಅರ್ಧ ಮುಚ್ಚಿತು. ಸಹ ಸವಾರ ಮುಂದಿರುವಾಗ ವಾನ್ ಆರ್ಟ್ ಬೆನ್ನಟ್ಟಬೇಕಾಗಿಲ್ಲ. ಬೇರೆಯವರು ಬೆನ್ನಟ್ಟಿ ಟ್ರಾಟ್ನಿಕ್‌ರನ್ನು ಹಿಡಿದರೂ, ಅವರ ನೆರಳಿನಲ್ಲಿ ದಣಿಯದೆ ಬಂದ ವಾನ್ ಆರ್ಟ್ ಅವರನ್ನು ಸ್ಪ್ರಿಂಟ್‌ನಲ್ಲಿ, ಅಂದರೆ ಗೆರೆಯ ಮುಂದಿನ ಕೊನೆಯ ವೇಗದ ಪೈಪೋಟಿಯಲ್ಲಿ, ಎದುರಿಸಬೇಕು. ಇದು ತಿಳಿದಿರುವವರು ಯಾರೂ ಮನಸಾರೆ ತುಳಿಯುವುದಿಲ್ಲ. ಟ್ರಾಟ್ನಿಕ್ ಗೆದ್ದರು, ವಾನ್ ಆರ್ಟ್ ಮೂರನೆಯವರಾದರು. 2023ರ ಮಹಿಳೆಯರ ಓಮ್ಲೂಪ್‌ನಲ್ಲಿಯೂ ಎಸ್‌ಡಿ ವರ್ಕ್ಸ್ ತಂಡದ ಲೊಟ್ಟೆ ಕೊಪೆಕಿ ಒಂಟಿಯಾಗಿ ಗೆದ್ದಾಗ ಎರಡನೆಯ ಸ್ಥಾನ ಅದೇ ತಂಡದ ಲೊರೆನಾ ವೀಬೆಸ್ ಅವರದಾಗಿತ್ತು.

ಆದರೆ ಸಂಖ್ಯೆಯೊಂದೇ ಸಾಲದು. 2015ರ ಪುರುಷರ ಓಮ್ಲೂಪ್ ರೇಸನ್ನು ಪ್ರತಿಯೊಬ್ಬ ಆಸಕ್ತರೂ ಒಮ್ಮೆ ನೋಡಲೇಬೇಕು. ಮುಂದಿನ ಗುಂಪಿನಲ್ಲಿದ್ದವರು ನಾಲ್ವರು: ಎಟಿಕ್ಸ್–ಕ್ವಿಕ್ ಸ್ಟೆಪ್ ತಂಡದ ಟಾಮ್ ಬೂನೆನ್, ನಿಕಿ ಟರ್ಪ್‌ಸ್ಟ್ರಾ, ಸ್ಟೈನ್ ವಾಂಡೆನ್‌ಬರ್ಗ್, ಎದುರಾಳಿಯಾಗಿ ಸ್ಕೈ ತಂಡದ ಇಯನ್ ಸ್ಟ್ಯಾನರ್ಡ್ ಒಬ್ಬರೇ. ಮೂವರ ವಿರುದ್ಧ ಒಬ್ಬರಿದ್ದರೂ ಗೆದ್ದವರು ಸ್ಟ್ಯಾನರ್ಡ್. ತಮ್ಮ ಕಡೆ ಯಾರೂ ಇಲ್ಲದಿರುವಾಗ ತಾವೇಕೆ ದುಡಿಯಬೇಕೆಂದು ಅವರು ಹಿಂದೆ ಕುಳಿತರು, ಮೂವರು ಅವರನ್ನು ಹೊತ್ತು ಸಾಗಿದರು. ಸಂಖ್ಯಾಬಲವಿದ್ದ ತಂಡ ಒಬ್ಬರ ಬಳಿಕ ಒಬ್ಬರನ್ನು ಬಿಡುವಿಲ್ಲದೆ ಜಿಗಿಸಿ, ಅಂದರೆ ಹಠಾತ್ ವೇಗದಿಂದ ಮುಂದೆ ಕಳಿಸಿ, ಪ್ರತಿಸಲವೂ ಸ್ಟ್ಯಾನರ್ಡ್ ಅವರೇ ಬೆನ್ನಟ್ಟುವಂತೆ ಮಾಡಬೇಕಾಗಿತ್ತು. ಅದನ್ನು ಶುರುಮಾಡಿದ್ದು ಬಹಳ ತಡವಾಗಿ. ಬೂನೆನ್ ಜಿಗಿದಾಗ ಸ್ಟ್ಯಾನರ್ಡ್ ಹಿಡಿದರು, ಕೊನೆಗೆ ಟರ್ಪ್‌ಸ್ಟ್ರಾರನ್ನು ಇಬ್ಬರ ಸ್ಪ್ರಿಂಟ್‌ನಲ್ಲಿ ಸೋಲಿಸಿದರು. ಈ ರೇಸನ್ನು ಮತ್ತೆ ನೋಡುವಾಗ ಮೊಣಕೈಗಳ ಮೇಲೆ ಕಣ್ಣಿಡಿ. ಮುಂದಿರುವವರು ಮೊಣಕೈ ಅಲುಗಿಸಿದರೆ ಈಗ ನಿಮ್ಮ ಸರದಿ ಎಂದರ್ಥ. ಆ ಕರೆಗೆ ಯಾರು ಓಗೊಡುವುದಿಲ್ಲವೋ ಅವರ ಮನಸ್ಸಿನಲ್ಲಿ ಏನಿದೆಯೆಂದು ಯೋಚಿಸಿ.

ತಂತ್ರ ನಡೆಯದ ದಿನಗಳೂ ಇವೆ. 2024ರ ಸ್ಟ್ರಾಡೆ ಬಿಯಾಂಕೆಯಲ್ಲಿ ತಡೇ ಪೊಗಾಚಾರ್ 81 ಕಿಲೋಮೀಟರ್ ಒಂಟಿಯಾಗಿ ತುಳಿದು ಸಿಯೆನಾ ತಲುಪಿದಾಗ ಉಳಿದ ತಂಡಗಳ ಲೆಕ್ಕಾಚಾರಕ್ಕೆ ಅರ್ಥವೇ ಉಳಿಯಲಿಲ್ಲ.

ಸವಾರರ ಪ್ರದರ್ಶನವನ್ನು ಅಳೆಯುವಾಗ ಸ್ಥಾನವನ್ನು ಕೊನೆಗೆ ನೋಡಿ. 2024ರ ಮಿಲಾನ್–ಸಾನ್ ರೆಮೊದಲ್ಲಿ ಹಿಂದಿನ ವರ್ಷದ ವಿಜೇತರೂ ವಿಶ್ವ ಚಾಂಪಿಯನ್ನರೂ ಆಗಿದ್ದ ಮಾಥ್ಯೂ ವಾನ್ ಡೆರ್ ಪೂಲ್ ಅವರು ಪೊಜ್ಜಿಯೊ ಏರಿನಲ್ಲಿ ಪೊಗಾಚಾರ್ ಅವರ ಬೆನ್ನು ಬಿಡದೆ ಕಾದು, ಕೊನೆಯಲ್ಲಿ ಸಹ ಸವಾರ ಯಾಸ್ಪರ್ ಫಿಲಿಪ್ಸನ್ ಅವರಿಗಾಗಿ ಮುಂದೆ ನಿಂತು ತುಳಿದರು. ಗೆಲುವು ಫಿಲಿಪ್ಸನ್ ಅವರದು. ಮೊದಲ ಮೂವರಲ್ಲಿ ವಾನ್ ಡೆರ್ ಪೂಲ್ ಹೆಸರಿಲ್ಲ, ಆದರೆ ಅವರಿಲ್ಲದೆ ಆ ಗೆಲುವೂ ಇಲ್ಲ.

ಫೆಬ್ರವರಿಯ ಗೆಲುವಿನಿಂದ, ಏಪ್ರಿಲ್‌ನಲ್ಲಿ ಬೆಲ್ಜಿಯಂನಲ್ಲೇ ನಡೆಯುವ ಏಕದಿನ ರೇಸಾದ ಟೂರ್ ಆಫ್ ಫ್ಲಾಂಡರ್ಸ್‌ನ ಭವಿಷ್ಯ ಹೇಳುವ ಅವಸರ ಬೇಡ. 2025ರವರೆಗೆ ಪುರುಷರಲ್ಲಿ ಯಾರೂ ಒಂದೇ ವರ್ಷ ಓಮ್ಲೂಪ್ ಮತ್ತು ಫ್ಲಾಂಡರ್ಸ್ ಎರಡನ್ನೂ ಗೆದ್ದಿರಲಿಲ್ಲ. ಮಹಿಳೆಯರಲ್ಲಿ ಕೊಪೆಕಿ 2023ರಲ್ಲಿ ಎರಡನ್ನೂ ಗೆದ್ದರು. ಮ್ಯೂರ್‌ಗೆ ಮುಂಚೆ ನಾಯಕರನ್ನು ಮುಂದೆ ತಂದು ಬಿಟ್ಟವರ ಹೆಸರುಗಳನ್ನು ಬರೆದಿಟ್ಟುಕೊಂಡರೆ, ಏಪ್ರಿಲ್‌ನಲ್ಲಿ ಯಾವ ತಂಡ ಕೊನೆಯ ಗಂಟೆಯಲ್ಲಿ ಒಂಟಿಯಾಗುವುದಿಲ್ಲ ಎಂಬ ಅಂದಾಜು ವಿಜೇತರ ಪಟ್ಟಿಗಿಂತ ಹೆಚ್ಚಾಗಿ ಆ ಹೆಸರುಗಳಿಂದ ಸಿಗುತ್ತದೆ.